ಅಳಿಸಿದವರಿಗೆ ಹೆಡ್‌ಲೈನ್ ಇಲ್ಲ

"ಎಐ ಕಂಡುಹಿಡಿಯಿತು" ಅನ್ನೋ ಎರಡು ಪದ ಕಂಡರೆ ನನಗೆ ಮೈ ಉರಿಯುತ್ತೆ. ನಮ್ಮ ಆಕಾಶಗಂಗೆಯಲ್ಲಿ ಹೊಸ ನಕ್ಷತ್ರಗುಚ್ಛಗಳು ಸಿಕ್ಕವು ಅನ್ನೋ ಸುದ್ದಿ 2018ರಿಂದ ಈಚೆಗೆ ಬರ್ತಾನೇ ಇದೆ. ಬಾರ್ಸಿಲೋನಾದ ಒಂದೇ ತಂಡದ್ದು ಮೊದಲು 23, ಆಮೇಲೆ 53, ಆಮೇಲೆ ಒಂದೇ ಏಟಿಗೆ 582, ಅದಾದ ಮೇಲೆ ಇನ್ನೂ 628. ಪ್ರತಿ ಸಲವೂ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬರು ಲಿಂಕ್ ಎಸೀತಾರೆ, ಕೆಳಗೆ ನಾಲ್ಕು ರಾಕೆಟ್ ಇಮೋಜಿ ಬೀಳುತ್ತೆ. ಒಬ್ಬ "ಇನ್ಮೇಲೆ ವಿಜ್ಞಾನಿಗಳಿಗೂ ಕೆಲಸ ಇಲ್ಲ ಗುರು" ಅಂತಾನೆ, ಇನ್ನೊಬ್ಬ "ಇದರಿಂದ ಪೆಟ್ರೋಲ್ ರೇಟ್ ಇಳಿಯುತ್ತಾ?" ಅಂತಾನೆ. ಅಷ್ಟೊತ್ತಿಗೆ ಸ್ಟ್ಯಾಂಡಪ್ ಮೀಟಿಂಗ್ ಶುರುವಾಗುತ್ತೆ, ಎಲ್ಲರೂ ಮೈಕ್ ಮ್ಯೂಟ್ ಮಾಡ್ಕೊಂಡು ಕೂರ್ತಾರೆ.

ನನ್ನ ತಕರಾರು ಸುದ್ದಿ ಸುಳ್ಳು ಅಂತಲ್ಲ. ಅರ್ಧ ಸುದ್ದಿ ಅಂತ. ಅದೂ ಸುಲಭದ ಅರ್ಧ. ಗುಂಪು ಹುಡುಕಿಕೊಡೋದು ಯಂತ್ರಕ್ಕೆ ದೊಡ್ಡ ಕೆಲಸವೇ ಅಲ್ಲ. ಕೇಳಿದರೆ ಸಾವಿರ ಕೊಡುತ್ತೆ. ಆ ಸಾವಿರದಲ್ಲಿ ಇಲ್ಲದ್ದು ಯಾವುದು ಅಂತ ಹೇಳೋದಿದೆಯಲ್ಲ, ಅಲ್ಲಿ ಜನರ ವರ್ಷಗಳು ಹೋಗ್ತವೆ. ಈ ಎರಡನೇ ಕೆಲಸ ಮಾಡಿದವರ ಹೆಸರು ಯಾವ ಗ್ರೂಪಿನಲ್ಲೂ ಫಾರ್ವರ್ಡ್ ಆಗಲ್ಲ. ಮತ್ತು ಈ ಎರಡನೇ ಕೆಲಸವನ್ನು, ಅದೇ ಸಲಕರಣೆ ಹಿಡಿದು ಕೂತಿರೋ ನಾವು, ಸಾಫ್ಟ್‌ವೇರಿನವರು, ಮಾಡೋದೇ ಇಲ್ಲ.

ವಿಷಯಕ್ಕೆ ಬರ್ತೀನಿ. ಮುಕ್ತ ತಾರಾಗುಚ್ಛ, ಇಂಗ್ಲಿಷಿನವರ ಓಪನ್ ಕ್ಲಸ್ಟರ್ ಅಂದರೆ, ಒಂದೇ ಅನಿಲ ಮೋಡದಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಹಿಂಡು. ಕೆಲವು ಹತ್ತು ಇರಬಹುದು, ಕೆಲವು ಸಾವಿರ ಇರಬಹುದು. ಪರಸ್ಪರ ಗುರುತ್ವದಲ್ಲಿ ಸಡಿಲವಾಗಿ ಹಿಡಿದುಕೊಂಡು ಒಟ್ಟಿಗೆ ಸಾಗ್ತವೆ, ಹತ್ತಾರು ಕೋಟಿ ವರ್ಷಗಳಲ್ಲಿ ಒಂದೊಂದಾಗಿ ಕಳಚಿಕೊಂಡು ಚದುರಿಹೋಗ್ತವೆ. ಎಲ್ಲರಿಗೂ ಗೊತ್ತಿರೋ ಉದಾಹರಣೆ ಕೃತ್ತಿಕೆ. ಸುಮಾರು 440 ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಆರು ಕಾಣುತ್ತೆ, ಕಣ್ಣು ಚುರುಕಾಗಿದ್ದರೆ ಏಳು. 1610ರಲ್ಲಿ ಗೆಲಿಲಿಯೋ ದೂರದರ್ಶಕ ಹಿಡಿದು ನೋಡಿ ಮೂವತ್ತಾರು ಚುಕ್ಕಿ ಬರೆದ. ಈಗ ಲೆಕ್ಕ ಸಾವಿರ ದಾಟಿದೆ.

ಕೃತ್ತಿಕೆ ಅಂದ ತಕ್ಷಣ ಎರಡು ಥರದ ಜನ ಎದ್ದು ನಿಲ್ತಾರೆ. ಮೊದಲನೆಯವರು "ಇದೆಲ್ಲ ನಮ್ಮ ಪೂರ್ವಜರಿಗೆ ಮೊದಲೇ ಗೊತ್ತಿತ್ತು" ಅನ್ನೋರು. ಅವರಿಗೆ ಗೊತ್ತಿದ್ದದ್ದು ಆರು ನಕ್ಷತ್ರ. ಷಣ್ಮುಖನಿಗೆ ಆರು ತಾಯಂದಿರು ಅಂತ ಚೆಂದದ ಕಥೆ ಕಟ್ಟಿದರು. ಆಕಾಶವನ್ನು ಗಮನವಿಟ್ಟು ನೋಡಿ ಮಳೆಯ ಲೆಕ್ಕ ಇಟ್ಟರು. ನಮ್ಮೂರಲ್ಲಿ ಇವತ್ತಿಗೂ "ಕೃತ್ತಿಕೆ ಕಳೀತು, ರೋಹಿಣಿ ಹುಟ್ತು, ಇನ್ನೂ ಹನಿ ಇಲ್ಲ" ಅಂತಲೇ ಮಾತಾಡೋದು. ಅದಕ್ಕೆ ಗೌರವ ಇದೆ. ಅವರು ಹೇಳದೇ ಇದ್ದದ್ದನ್ನೂ ಅವರ ಬಾಯಿಗೆ ತುರುಕೋದು ಗೌರವ ಅಲ್ಲ.

ಎರಡನೆಯವರು ನನ್ನಂಥವರೇ. ಹಳ್ಳಿಯಿಂದ ಬಂದು ಬೆಂಗಳೂರಲ್ಲಿ ಇಎಂಐ ಕಟ್ಟೋರು. "ನಮ್ಮೂರಲ್ಲಿ ಮಾಳಿಗೆ ಮೇಲೆ ಮಲಗಿದ್ರೆ ಆಕಾಶಗಂಗೆ ಹಾಲು ಚೆಲ್ಲಿದ ಹಾಗೆ ಕಾಣ್ತಿತ್ತು, ಇಲ್ಲಿ ಏನಿದೆ ಮಣ್ಣು" ಅಂತ ನಿಟ್ಟುಸಿರು ಬಿಡೋರು. ಕಾಣ್ತಿತ್ತು, ನಿಜ. ಆದರೆ ಆ ನಿಟ್ಟುಸಿರಿನಿಂದ ಒಂದೇ ಒಂದು ಹೊಸ ಗುಚ್ಛ ಸಿಗಲ್ಲ ಸ್ವಾಮಿ. ಕಳೆದ ಏಳೆಂಟು ವರ್ಷಗಳಲ್ಲಿ ಸಿಕ್ಕ ಗುಚ್ಛಗಳಲ್ಲಿ ಹೆಚ್ಚಿನವು ಎಷ್ಟೇ ಕತ್ತಲಿನ ಊರಿಂದ, ಎಷ್ಟೇ ಒಳ್ಳೆ ದೂರದರ್ಶಕದಿಂದ ನೋಡಿದರೂ ಗುಚ್ಛ ಅಂತ ಕಾಣಲ್ಲ. ಫೋಟೋದಲ್ಲಿ ಅದು ಎಲ್ಲ ಕಡೆ ಇರೋ ಹಾಗೆ ಇರೋ ಚುಕ್ಕಿಗಳ ರಾಶಿ. ಅವು ಸಿಕ್ಕಿದ್ದು ಟೇಬಲ್ಲುಗಳಲ್ಲಿ. ರೋ, ಕಾಲಂ, ನಂಬರು. ಎಚ್‌ಎಸ್‌ಆರ್ ಲೇಔಟಿನ ಮೂರನೇ ಮಹಡಿಯಲ್ಲಿ ಎದುರು ಬಿಲ್ಡಿಂಗಿನ ಎಲ್ಇಡಿ ಬೆಳಕು ಕಣ್ಣಿಗೆ ಹೊಡೀತಾ ಇದ್ದರೂ ಆ ಟೇಬಲ್ ತೆರೆದುಕೊಳ್ಳುತ್ತೆ.

ಆ ಟೇಬಲ್ ಮಾಡಿದ್ದು ಗಾಯಾ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರ್‌ನಲ್ಲಿ ಹಾರಿಸಿದ ಉಪಗ್ರಹ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ನಿಂತು, 2014ರಿಂದ 2025ರ ಜನವರಿವರೆಗೆ ಒಂದೇ ಕೆಲಸ ಮಾಡಿತು: ನಕ್ಷತ್ರಗಳು ಎಲ್ಲಿವೆ ಅಂತ ಮತ್ತೆ ಮತ್ತೆ ಅಳೆಯೋದು. ಅದರ ಎರಡನೇ ಕಂತಿನ ಡೇಟಾ 2018ರ ಏಪ್ರಿಲ್ 25ಕ್ಕೆ ಹೊರಬಂತು. ಅದರಲ್ಲಿ ನೂರಮೂವತ್ತು ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನ, ಚಲನೆ, ದೂರ ಇತ್ತು. ಹೊಸ ಗುಚ್ಛಗಳ ಸುಗ್ಗಿ ಶುರುವಾಗಿದ್ದು ಆವತ್ತೇ.

ಅಳತೆ ಎಷ್ಟು ಸೂಕ್ಷ್ಮ ಅಂದರೆ, ಲೆಕ್ಕ ಇರೋದು ಮಿಲಿಆರ್ಕ್‌ಸೆಕೆಂಡಿನಲ್ಲಿ. ಚಂದ್ರನ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ ಅಂದುಕೊಳ್ಳಿ, ಭೂಮಿಯಿಂದ ನೋಡಿದರೆ ಅವನ ಎತ್ತರ ಎಷ್ಟು ಕೋನ ಆಗುತ್ತೋ ಅದು ಸುಮಾರು ಒಂದು ಮಿಲಿಆರ್ಕ್‌ಸೆಕೆಂಡ್. ಕೃತ್ತಿಕೆಯ ನಕ್ಷತ್ರಗಳು ವರ್ಷಕ್ಕೆ ಅಂಥ ಐವತ್ತರಷ್ಟು ದೂರ ಜರುಗ್ತವೆ. ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯೋಕೆ ಮೂವತ್ತಾರು ಸಾವಿರ ವರ್ಷ ಬೇಕು. ಗಾಯಾಗೆ ಇದು ಬಹಳ ದೊಡ್ಡ ಚಲನೆ. ಪ್ರಕಾಶಮಾನ ನಕ್ಷತ್ರಗಳಲ್ಲಿ ಅದು ಒಂದು ಮಿಲಿಆರ್ಕ್‌ಸೆಕೆಂಡಿನ ನೂರನೇ ಒಂದೆರಡು ಪಾಲನ್ನೂ ಬಿಡಲ್ಲ.

ಇದರಿಂದ ಏನಾಯ್ತು? ಸಿದ್ಧಗಂಗೆ ಜಾತ್ರೆಯನ್ನು ನೆನಪು ಮಾಡಿಕೊಳ್ಳಿ. ಮೇಲಿಂದ ಒಂದು ಫೋಟೋ ತೆಗೆದರೆ ಬರೀ ತಲೆಗಳು. ಎಲ್ಲಿ ತಲೆ ಒತ್ತಾಗಿದೆಯೋ ಅಲ್ಲಿ ಒಂದು ಕುಟುಂಬ ಇದೆ ಅನ್ನೋಕಾಗುತ್ತಾ? ಅಲ್ಲಿ ಬಜ್ಜಿ ಅಂಗಡಿ ಇರಬಹುದು. ಆದರೆ ಅದೇ ಜಾತ್ರೆಯನ್ನು ಹತ್ತು ನಿಮಿಷ ವಿಡಿಯೋ ಮಾಡಿ. ಆ ಜನಜಂಗುಳಿಯ ಮಧ್ಯೆ ಒಂದು ಮೂವತ್ತು ಜನ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ನಡೀತಾ ಇದ್ದರೆ ಅದು ಒಟ್ಟಿಗೆ ಬಂದ ದಿಬ್ಬಣ. ನಡುವೆ ಬೇರೆಯವರು ಎಷ್ಟೇ ತೂರಿಕೊಂಡಿದ್ದರೂ ಗೊತ್ತಾಗುತ್ತೆ. ಗಾಯಾಗಿಂತ ಹಿಂದೆ ಗುಚ್ಛ ಹುಡುಕಿದ್ದೆಲ್ಲ ಬಹುಪಾಲು ಫೋಟೋ ನೋಡಿ. ಗಾಯಾ ಕೊಟ್ಟಿದ್ದು ವಿಡಿಯೋ.

ಕೆಲವಂತೂ ಮೂಗಿನ ಕೆಳಗೇ ಇದ್ದವು. ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ, ಅಂದರೆ ಸಿರಿಯಸ್. ಚಂದ್ರನ ಅಗಲದ ಮೂರನೇ ಒಂದು ಭಾಗದಷ್ಟು ಪಕ್ಕದಲ್ಲಿ ಒಂದು ದೊಡ್ಡ ಗುಚ್ಛ ಇತ್ತು. ಶತಮಾನಗಳ ಕಾಲ ಅದೆಷ್ಟು ಜನ ಲುಬ್ಧಕನ ಕಡೆ ದೂರದರ್ಶಕ ತಿರುಗಿಸಿದ್ದಾರೆ! ಅದರ ಬೆಳಕಿನ ಝಗಮಗದಲ್ಲಿ ಗುಚ್ಛ ಯಾರಿಗೂ ಕಂಡಿರಲಿಲ್ಲ. 2017ರಲ್ಲಿ ಗಾಯಾದ ಮೊದಲ ಕಂತಿನ ಡೇಟಾದಲ್ಲಿ ನಕ್ಷತ್ರಗಳನ್ನು ಎಣಿಸ್ತಾ ಕೂತವರಿಗೆ ಸಿಕ್ಕಿತು. ಹೆಸರು ಗಾಯಾ 1.

ಈಗ ನಮ್ಮ ಪಾತ್ರ ಬರುತ್ತೆ. ಬಾರ್ಸಿಲೋನಾ ವಿಶ್ವವಿದ್ಯಾಲಯದ ತಂಡ ಆ ನೂರಾರು ಗುಚ್ಛಗಳನ್ನು ಹುಡುಕಿದ್ದು ಡಿಬಿಸ್ಕ್ಯಾನ್ ಬಳಸಿ. ಹೌದು, ಅದೇ ಡಿಬಿಸ್ಕ್ಯಾನ್. ನಿಮ್ಮ ಆನ್‌ಲೈನ್ ಕೋರ್ಸಿನ ಆರನೇ ವಾರದಲ್ಲಿ ಬರುತ್ತಲ್ಲ, ಸೈಕಿಟ್‌ಲರ್ನ್‌ನಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತಲ್ಲ, ಅದು. 1996ರಲ್ಲಿ ಮ್ಯೂನಿಕ್‌ನ ನಾಲ್ಕು ಜನ ಡೇಟಾಬೇಸಿನವರು ಬರೆದದ್ದು. ಇದನ್ನು ಇವತ್ತಿನ ಹೆಡ್‌ಲೈನ್ "ಎಐ" ಅಂತ ಕರೆಯುತ್ತೆ. ನಾನು ಹೈಸ್ಕೂಲಿಗೂ ಹೋಗಿರದ ಕಾಲದ ಅಲ್ಗಾರಿದಮ್ ಅದು.

ಅದಕ್ಕೆ ಎರಡೇ ತಿರುಗಣೆ. ಎಷ್ಟು ಹತ್ತಿರ ಇದ್ದರೆ ನೆಂಟರು? ಎಷ್ಟು ಜನ ನೆಂಟರಿದ್ದರೆ ಮನೆ? ಆಕಾಶದಲ್ಲಿ ಎರಡು ಸ್ಥಾನ, ಎರಡು ಚಲನೆ, ಒಂದು ಪ್ಯಾರಲ್ಯಾಕ್ಸ್, ಹೀಗೆ ಐದು ಕಾಲಂ ಕೊಟ್ಟು ಓಡಿಸಿದರೆ ಅದು ಪ್ರತಿ ನಕ್ಷತ್ರಕ್ಕೂ ಒಂದು ನಂಬರು ಹಚ್ಚುತ್ತೆ. ಯಾವ ಗುಂಪಿಗೂ ಸೇರದವರಿಗೆ ಮೈನಸ್ ಒಂದು. (ನಮ್ಮ ಸೂರ್ಯನೂ ಈಗ ಮೈನಸ್ ಒಂದೇ. ಅವನೂ ಒಂದು ಗುಚ್ಛದಲ್ಲೇ ಹುಟ್ಟಿರಬೇಕು ಅಂತ ಖಗೋಳದವರು ಹೇಳ್ತಾರೆ. ಒಡಹುಟ್ಟಿದವರೆಲ್ಲ ನಾನೂರೈವತ್ತು ಕೋಟಿ ವರ್ಷಗಳಲ್ಲಿ ಎಲ್ಲೆಲ್ಲೋ ಹೋದರು.)

ನೀವೇ ಮಾಡಿ ನೋಡಿ. ಕೃತ್ತಿಕೆಯ ಸುತ್ತ ಒಂದು ತುಂಡು ಆಕಾಶ ಇಳಿಸಿಕೊಳ್ಳಿ. ಮೊದಲ ತಿರುಗಣೆ ಸ್ವಲ್ಪ ಬಿಗಿ ಮಾಡಿದರೆ ಕೃತ್ತಿಕೆಯೇ ಮಾಯ. ಸ್ವಲ್ಪ ಸಡಿಲ ಮಾಡಿದರೆ ಕೃತ್ತಿಕೆ ಎದ್ದು ಬರುತ್ತೆ. ಇನ್ನೊಂಚೂರು ಸಡಿಲ ಮಾಡಿದರೆ ಅದರ ಜೊತೆಗೆ ಗೊತ್ತುಗುರಿಯಿಲ್ಲದ "ಗುಚ್ಛಗಳು" ಸಾಲಾಗಿ ಹುಟ್ತವೆ. ಮತ್ತೂ ಸಡಿಲ ಮಾಡಿದರೆ ಇಡೀ ತುಂಡೇ ಒಂದು ಗುಚ್ಛ. ಯಂತ್ರ ಯಾವ ಹಂತದಲ್ಲೂ "ಸಾರ್, ಇದು ಸ್ವಲ್ಪ ಜಾಸ್ತಿ ಆಯ್ತು" ಅನ್ನಲ್ಲ. ಅದಕ್ಕೆ ಕೃತ್ತಿಕೆಯೂ ಒಂದೇ, ಸುಮ್ಮನೆ ಹತ್ತಿರ ಬಿದ್ದ ಹನ್ನೆರಡು ಚುಕ್ಕಿಯೂ ಒಂದೇ.

ಹಾಗಾದರೆ ಬಾರ್ಸಿಲೋನಾದವರು ಏನು ಮಾಡಿದರು? ತಿರುಗಣೆಯನ್ನು ತಮ್ಮ ಮನಸ್ಸಿಗೆ ಬಂದ ಕಡೆ ನಿಲ್ಲಿಸಲಿಲ್ಲ. ಆಯಾ ತುಂಡಿನ ನಕ್ಷತ್ರಗಳ ಹಂಚಿಕೆಯನ್ನೇ ಅನುಕರಿಸಿ, ಗುಚ್ಛವೇ ಇಲ್ಲದ ಒಂದು ಸುಳ್ಳು ಆಕಾಶ ಮಾಡಿದರು. ಒಂದಲ್ಲ, ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆದರು. ಸುಳ್ಳು ಆಕಾಶದಲ್ಲೂ ಎಷ್ಟು ಒತ್ತು ತಾನಾಗೇ ಬರುತ್ತೆ ಅಂತ ನೋಡಿ, ಅದಕ್ಕಿಂತ ಹೆಚ್ಚಿನ ಒತ್ತು ಇದ್ದರೆ ಮಾತ್ರ ಮುಂದಕ್ಕೆ ಬಿಟ್ಟರು. ಆಮೇಲೂ ನಂಬಲಿಲ್ಲ. ಎರಡನೇ ಜರಡಿ ಹಿಡಿದರು.

ಆ ಎರಡನೇ ಜರಡಿ ನನಗೆ ಬಹಳ ಇಷ್ಟ. ಗುಚ್ಛದ ನಕ್ಷತ್ರಗಳು ಒಂದೇ ಎಸ್ಸೆಸ್ಸೆಲ್ಸಿ ಬ್ಯಾಚಿನವರ ಹಾಗೆ, ವಯಸ್ಸು ಒಂದೇ. ಭಾರ ಬೇರೆ ಬೇರೆ. ಭಾರ ಹೆಚ್ಚಿದ್ದರೆ ಬಿಸಿ, ನೀಲಿ, ಪ್ರಕಾಶ ಹೆಚ್ಚು, ಬೇಗ ಮುದಿಯಾಗೋದು. ಕಡಿಮೆ ಇದ್ದರೆ ಕೆಂಪು, ಮಂದ, ದೀರ್ಘಾಯುಷ್ಯ. ಹಾಗಾಗಿ ಬಣ್ಣ ಒಂದು ಕಡೆ, ಪ್ರಕಾಶ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿದರೆ ನಿಜವಾದ ಗುಚ್ಛ ಒಂದು ತೆಳು ಗೆರೆಯ ಮೇಲೆ ಬಂದು ಕೂರುತ್ತೆ. ಆಕಸ್ಮಿಕವಾಗಿ ಸೇರಿದ ಗುಂಪು ಚೆಲ್ಲಾಪಿಲ್ಲಿ ಆಗುತ್ತೆ. ಗಮನಿಸಬೇಕಾದ್ದು ಏನಂದರೆ, ಗುಂಪು ಹುಡುಕುವಾಗ ಬಣ್ಣ ಬಳಸಿರಲಿಲ್ಲ. ಬಚ್ಚಿಟ್ಟ ಸಾಕ್ಷಿಯನ್ನು ಕೊನೆಗೆ ತೆಗೆದರು. ಆ ಗೆರೆ ಇದೆಯೋ ಇಲ್ಲವೋ ಅಂತ ನೋಡೋಕೆ ಒಂದು ನ್ಯೂರಲ್ ನೆಟ್‌ವರ್ಕ್ ಬಳಸಿದರು. ಹೆಡ್‌ಲೈನಿನವರ ಎಐ ಏನಾದರೂ ಇದ್ದರೆ ಇಲ್ಲಿದೆ, ಅದೂ ತಿರಸ್ಕರಿಸೋ ಕೆಲಸಕ್ಕೆ!

ಜರ್ಮನಿಯ ಹೈಡೆಲ್‌ಬರ್ಗ್‌ನ ಎಮಿಲಿ ಹಂಟ್ ಮತ್ತು ಸಬೀನ್ ರೆಫರ್ಟ್ ಇದನ್ನು ಇನ್ನೂ ದೂರ ತಗೊಂಡು ಹೋದರು. 2021ರಲ್ಲಿ ಮೊದಲು ಮೂರು ಅಲ್ಗಾರಿದಮ್‌ಗಳನ್ನು ಎದುರುಬದುರು ನಿಲ್ಲಿಸಿ ಪರೀಕ್ಷೆ ಮಾಡಿದರು. ಡಿಬಿಸ್ಕ್ಯಾನಿನ ತಮ್ಮ ಎಚ್‌ಡಿಬಿಸ್ಕ್ಯಾನ್ ಎಲ್ಲಕ್ಕಿಂತ ಸೂಕ್ಷ್ಮ ಅಂತ ಗೊತ್ತಾಯ್ತು, ಜೊತೆಗೆ ಅದು ಇಲ್ಲದ್ದನ್ನೂ ಧಾರಾಳವಾಗಿ ಹುಡುಕುತ್ತೆ ಅಂತಲೂ. ಆಮೇಲೆ ಅದರ ಮೇಲೆ ಪರೀಕ್ಷೆಗಳನ್ನು ಹೇರಿ, 72.9 ಕೋಟಿ ನಕ್ಷತ್ರಗಳ ಮೇಲೆ ಓಡಿಸಿ 2023ರಲ್ಲಿ ಪಟ್ಟಿ ಕೊಟ್ಟರು: 7167 ಗುಚ್ಛಗಳು. ಹೊಸದಾಗಿ ಸಿಕ್ಕವು 2387. ಸುದ್ದಿ ಇಲ್ಲಿಗೆ ಮುಗಿಯುತ್ತೆ, ರಾಕೆಟ್ ಇಮೋಜಿ.

ಆದರೆ ಪ್ರಬಂಧ ಇಲ್ಲಿಗೆ ಮುಗಿಯಲ್ಲ. ಅವರೇ ಮುಂದಿನ ಸಾಲಿನಲ್ಲಿ ಹೇಳ್ತಾರೆ: ಗಟ್ಟಿಯಾಗಿ ನಂಬಬಹುದಾದ್ದು 4105, ಅದರಲ್ಲಿ ಹೊಸವು 739. ಅಂದರೆ 2387ರಲ್ಲಿ ಮೂರರಲ್ಲಿ ಒಂದಕ್ಕಿಂತ ಕಡಿಮೆ. ಉಳಿದವು "ಅಭ್ಯರ್ಥಿಗಳು". ನಾಮಪತ್ರ ಸಲ್ಲಿಸಿದವರೆಲ್ಲ ಎಂಎಲ್‌ಎ ಆಗಲ್ಲ ಅನ್ನೋದು ನಮಗೆ ಚುನಾವಣೆಯಲ್ಲಿ ಗೊತ್ತು, ವಿಜ್ಞಾನದ ಸುದ್ದಿಯಲ್ಲಿ ಮರೆತುಹೋಗುತ್ತೆ. ಅಲ್ಲಿಗೂ ಬಿಡಲಿಲ್ಲ ಆ ಇಬ್ಬರು. 2024ರಲ್ಲಿ ಮತ್ತೆ ಬಂದು, ತಮ್ಮದೇ ಪಟ್ಟಿಯನ್ನು ತಾವೇ ತೂಕಕ್ಕೆ ಹಾಕಿದರು. ಗುರುತ್ವದಿಂದ ನಿಜಕ್ಕೂ ಒಂದನ್ನೊಂದು ಹಿಡಿದುಕೊಂಡಿರುವಂಥವು ಎಷ್ಟು? 5647. ಉಳಿದವುಗಳಲ್ಲಿ ಹೆಚ್ಚಿನವು ಒಟ್ಟಿಗೆ ಚಲಿಸ್ತಿವೆ ಅಷ್ಟೇ, ಗುಚ್ಛ ಅನ್ನಿಸಿಕೊಳ್ಳೋಕೆ ಲಾಯಕ್ಕಿಲ್ಲ. ನಮಗೆ ತೀರ ಹತ್ತಿರದ 250 ಪಾರ್ಸೆಕ್ ಒಳಗೆ, ಅಂದರೆ ಸುಮಾರು ಎಂಟುನೂರು ಜ್ಯೋತಿರ್ವರ್ಷದೊಳಗೆ, ಪಾಸಾಗಿದ್ದು ಬರೀ ಶೇಕಡಾ 11.

ತಾನೇ ಕಟ್ಟಿದ ಮನೆಯ ಇಟ್ಟಿಗೆಗಳನ್ನು ತಾನೇ ಬಡಿದು ನೋಡೋ ಈ ಅಭ್ಯಾಸಕ್ಕೆ ವಯಸ್ಸು ಕಡಿಮೆಯೇನಿಲ್ಲ. 1767ರಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ಮಿಚೆಲ್ ಕೃತ್ತಿಕೆಯನ್ನು ಹಿಡಿದು ಒಂದು ಲೆಕ್ಕ ಮಾಡಿದ. ಆಕಾಶದಲ್ಲಿ ನಕ್ಷತ್ರಗಳನ್ನು ಯದ್ವಾತದ್ವಾ ಚೆಲ್ಲಿದರೆ ಇಂಥ ಆರು ಹೀಗೆ ಹತ್ತಿರ ಬೀಳೋ ಸಾಧ್ಯತೆ ಎಷ್ಟು? ಸುಮಾರು ಐದು ಲಕ್ಷಕ್ಕೆ ಒಂದು. ಆದ್ದರಿಂದ ಇದು ಆಕಸ್ಮಿಕವಲ್ಲ ಅಂದ. ನೋಡಿದ ತಕ್ಷಣ ಗುಂಪು ಅಂತ ಕಾಣೋ ಕೃತ್ತಿಕೆಗೇ ಆ ಮನುಷ್ಯ ಪುರಾವೆ ಕೇಳಿದ್ದ.

ಪುರಾವೆ ಕೇಳದೇ ಬಿಟ್ಟಿದ್ದರಿಂದ ಏನಾಗಿದೆ ಅನ್ನೋದಕ್ಕೂ ಉದಾಹರಣೆ ಇದೆ. ಫ್ರಾನ್ಸಿನ ಮೆಸಿಯೇ 1780ರಲ್ಲಿ ನಾಲ್ಕು ನಕ್ಷತ್ರಗಳ ಒಂದು ಪುಟ್ಟ ಗುಂಪು ನೋಡಿ ತನ್ನ ಪಟ್ಟಿಯಲ್ಲಿ 73ನೇ ನಂಬರು ಕೊಟ್ಟ. ಹವ್ಯಾಸಿಗಳು ಇವತ್ತಿಗೂ ಆ ಪಟ್ಟಿ ಹಿಡಿದು ರಾತ್ರಿಯೆಲ್ಲ ಟಿಕ್ ಹಾಕ್ತಾ ಕೂರ್ತಾರೆ. ಅದು ಗುಚ್ಛವೋ ಅಲ್ಲವೋ ಅಂತ ಪಂಡಿತರು ಬಹಳ ಕಾಲ ಜಗಳ ಆಡಿದರು. 2018ರಲ್ಲಿ ಆಸ್ಟ್ರೇಲಿಯಾದ ಗಾಲಾ ಸಮೀಕ್ಷೆ ಮತ್ತು ಗಾಯಾದ ಅಳತೆ ಎರಡನ್ನೂ ಸೇರಿಸಿ ಇಂಥ ಐದು ವಿರಳ ಗುಚ್ಛಗಳನ್ನು ಪರೀಕ್ಷಿಸಿದರು. ಐದರಲ್ಲಿ ನಾಲ್ಕು ಇಲ್ಲವೇ ಇಲ್ಲ. ಮೆಸಿಯೇ 73 ಕೂಡ ಅವುಗಳಲ್ಲಿ ಒಂದು. ಬೇರೆ ಬೇರೆ ದೂರದಲ್ಲಿ, ಬೇರೆ ಬೇರೆ ದಾರಿ ಹಿಡಿದು ಹೊರಟ ನಾಲ್ಕು ನಕ್ಷತ್ರ. ಮೆಜೆಸ್ಟಿಕ್ ಪ್ಲಾಟ್‌ಫಾರಂ ಮೇಲೆ ಪಕ್ಕಪಕ್ಕ ನಿಂತ ನಾಲ್ವರು.

ಅದೇ ವರ್ಷ ಕಾಂಟಾ-ಗೋಡಾನ್ ಮತ್ತು ಜೊತೆಗಾರರು ಹಳೇ ಪಟ್ಟಿಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಗುಚ್ಛಗಳನ್ನು ಗಾಯಾ ಡೇಟಾದಲ್ಲಿ ಹುಡುಕಿದರು. ಕೈಗೆ ಸಿಕ್ಕಿದ್ದು 1229, ಅದರಲ್ಲೂ 60 ಹೊಸವು. ಸಿಗದೇ ಹೋದವೆಲ್ಲ ಸುಳ್ಳಲ್ಲ, ಕೆಲವು ದೂಳಿನ ಹಿಂದೆ ಅಡಗಿವೆ, ಕೆಲವು ಗಾಯಾಗೆ ತೀರ ಮಂದ. ಆದರೆ ಎಷ್ಟೋ ಗುಚ್ಛಗಳು ಬರೀ ಕಣ್ಣಿನ ಭ್ರಮೆ. 2020ರಲ್ಲಿ ಇದೇ ಕಾಂಟಾ-ಗೋಡಾನ್ ಒಬ್ಬ ಜೊತೆಗಾರರೊಂದಿಗೆ ಇದರ ಮೇಲೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ "ಮರೀಚಿಕೆಗಳು" ಅನ್ನೋ ಪದ ಇದೆ. ಅಂಥವುಗಳಿಗೆ ನಂಬರಿತ್ತು, ಕೆಲವಕ್ಕೆ ವಯಸ್ಸೂ ದೂರವೂ ಪ್ರಕಟವಾಗಿತ್ತು. ಇಲ್ಲದ ಮಗುವಿಗೆ ಜಾತಕ.

"ಇರಲಿ ಬಿಡಿ, ಆಕಾಶದಲ್ಲಿ ಒಂದು ಗುಚ್ಛ ಹೆಚ್ಚಾದರೆ ಕಡಿಮೆಯಾದರೆ ಯಾರ ಗಂಟೇನು ಹೋಗುತ್ತೆ?" ಅಂತ ಕೇಳ್ತೀರಿ. ಗುಚ್ಛಗಳು ಖಗೋಳದವರ ಅಳತೆಗೋಲು. ಒಂಟಿ ನಕ್ಷತ್ರದ ವಯಸ್ಸು ಹೇಳೋದು ಬಹಳ ಕಷ್ಟ, ಗುಚ್ಛದ ವಯಸ್ಸು ಹೇಳಬಹುದು. ಆಕಾಶಗಂಗೆಯ ಸುರುಳಿ ತೋಳುಗಳು ಎಲ್ಲಿವೆ, ನಕ್ಷತ್ರಗಳು ಹೇಗೆ ಮುದಿಯಾಗ್ತವೆ, ಎಲ್ಲದಕ್ಕೂ ಇದೇ ಆಧಾರ. 1930ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ರಾಬರ್ಟ್ ಟ್ರಂಪ್ಲರ್ ಗುಚ್ಛಗಳ ದೂರ ಲೆಕ್ಕ ಹಾಕ್ತಾ ಇದ್ದಾಗ ಒಂದು ವಿಚಿತ್ರ ಕಂಡಿತು. ದೂರ ಹೋದ ಹಾಗೆಲ್ಲ ಗುಚ್ಛಗಳು ಗಾತ್ರದಲ್ಲಿ ದೊಡ್ಡದಾಗ್ತಾ ಹೋಗುತ್ತಿವೆ! ನಮ್ಮಿಂದ ದೂರ ಇದ್ದೇವೆ ಅಂತ ಗುಚ್ಛಕ್ಕೆ ಹೇಗೆ ಗೊತ್ತು? ಲೆಕ್ಕವನ್ನೇ ಅನುಮಾನಿಸಿದ. ನಡುವಿನ ಖಾಲಿ ಜಾಗ ಖಾಲಿಯಲ್ಲ, ಅಲ್ಲಿ ಬೆಳಕು ನುಂಗೋ ದೂಳಿದೆ, ಅದಕ್ಕೇ ಗುಚ್ಛಗಳು ಇರೋದಕ್ಕಿಂತ ದೂರ ಅನ್ನಿಸ್ತಿವೆ ಅಂತ ತೀರ್ಮಾನಕ್ಕೆ ಬಂದ. ಇಡೀ ಆಕಾಶಗಂಗೆಯ ಅಳತೆ ಬದಲಾಯ್ತು. ಅವನ ಪಟ್ಟಿಯಲ್ಲಿ ಅರ್ಧ ಮರೀಚಿಕೆಗಳೇ ಇದ್ದಿದ್ದರೆ ಆ ದೂಳು ಕಾಣ್ತಿತ್ತಾ?

ಇನ್ನು ನಮ್ಮ ಆಫೀಸುಗಳಿಗೆ ಬರ್ತೀನಿ, ಯಾಕಂದರೆ ನನ್ನ ನಿಜವಾದ ಸಿಟ್ಟು ಇರೋದು ಇಲ್ಲಿ. ಹಿಂದೆ ನಾನಿದ್ದ ಒಂದು ಕಡೆ, ಹೆಸರು ಬೇಡ, ಸಣ್ಣ ಸಾಲ ಕೊಡೋ ಆ್ಯಪ್ ಮಾಡ್ತಿದ್ದರು. ಗ್ರಾಹಕರನ್ನು ಗುಂಪು ಮಾಡಬೇಕಿತ್ತು. ಕೆ-ಮೀನ್ಸ್ ಓಡಿಸಿದರು, ಐದು ಗುಂಪು ಬಂತು. ಕೆ-ಮೀನ್ಸಿಗೆ ಐದು ಕೊಡು ಅಂದರೆ ಐದು ಕೊಡುತ್ತೆ, ಐವತ್ತು ಅಂದರೆ ಐವತ್ತು. ಡಿಬಿಸ್ಕ್ಯಾನಿಗಿರೋ ಮೈನಸ್ ಒಂದರ ಮರ್ಯಾದೆಯೂ ಅದಕ್ಕಿಲ್ಲ. ಐದೇ ಯಾಕೆ ಅಂತ ಕೇಳಿದೆ. "ಸ್ಲೈಡಲ್ಲಿ ಐದು ಬಾಕ್ಸ್ ನೀಟಾಗಿ ಕೂತ್ಕೊಳ್ಳುತ್ತೆ" ಅಂದರು. ನಾಲ್ಕನೇ ಬಾಕ್ಸಿಗೆ "ಹೈ ರಿಸ್ಕ್" ಅಂತ ಕೆಂಪು ಬಣ್ಣ ಹಚ್ಚಿದರು. ಅದರೊಳಗೆ ಇಣುಕಿ ನೋಡಿದರೆ ಅಲ್ಲಿದ್ದದ್ದು ತಿಂಗಳು ತಿಂಗಳು ಅಕೌಂಟಿಗೆ ದುಡ್ಡು ಬೀಳದ ಜನ. ನಮ್ಮ ಅರಸೀಕೆರೆ, ತಿಪಟೂರು ಕಡೆ ಕೊಬ್ಬರಿ ಮಾರಿ ವರ್ಷಕ್ಕೆ ಒಂದೋ ಎರಡೋ ಸಲ ದುಡ್ಡು ನೋಡೋರ ಹಾಗೆ ಇರೋರು. ಅವರು ಸಾಲ ತೀರಿಸದ ಜನ ಅಂತ ಯಾವ ಪುರಾವೆಯೂ ಆ ಸ್ಲೈಡಲ್ಲಿ ಇರಲಿಲ್ಲ. ಸುಳ್ಳು ಡೇಟಾ ಮಾಡಿ ಹೋಲಿಸೋಣ, ಹೊರಗಿಟ್ಟ ಒಂದು ಕಾಲಂ ತಗೊಂಡು ಪರೀಕ್ಷೆ ಮಾಡೋಣ ಅಂದೆ. "ಗುರುವಾರ ಡೆಮೊ ಇದೆ" ಅಂದರು. ಡೆಮೊ ಚೆನ್ನಾಗೇ ಆಯ್ತು, ಚಪ್ಪಾಳೆಯೂ ಬಿತ್ತು.

ಹೋಲಿಸಿ ನೋಡಿ. ಸಾವಿರಾರು ಜ್ಯೋತಿರ್ವರ್ಷ ಆಚೆ ಇರೋ, ನಮ್ಮ ತೀರ್ಪಿನಿಂದ ಒಂದು ಕೂದಲೂ ಕೊಂಕದ ನಕ್ಷತ್ರಗಳ ವಿಷಯದಲ್ಲಿ ಜನ ಇಷ್ಟು ಎಚ್ಚರ ವಹಿಸ್ತಾರೆ. ಸಾಲ ಸಿಗದೆ ಬಡ್ಡಿ ಅಂಗಡಿಗೆ ಹೋಗಬೇಕಾದ ಮನುಷ್ಯನ ವಿಷಯದಲ್ಲಿ ನಾವು ಸ್ಲೈಡಿನ ಅಂದ ನೋಡ್ತೀವಿ. ನಕ್ಷತ್ರಕ್ಕೆ ಸಿಗೋ ಅನುಮಾನದ ಲಾಭ ಮನುಷ್ಯನಿಗೆ ಸಿಗಲ್ಲ.

"ಅವರು ಪಿಎಚ್‌ಡಿ ಮಾಡಿದೋರು, ಟೈಮಿದೆ, ನಮಗೆ ಸ್ಪ್ರಿಂಟ್ ಇದೆ" ಅನ್ನೋ ನೆಪವನ್ನೂ ನಾನು ಒಪ್ಪಲ್ಲ. ಗುಚ್ಛ ಹುಡುಕಿದವರಲ್ಲಿ ಹವ್ಯಾಸಿಗಳೂ ಇದ್ದಾರೆ. ಅಲೆಸ್ಸಿ, ಕ್ರೋನ್‌ಬರ್ಗರ್, ಟಾಯ್ಚ್ ಅನ್ನೋ ಹೆಸರಿನ ಗುಚ್ಛಗಳಿವೆ. ಅವು ಅವನ್ನು ಹುಡುಕಿದ ಹವ್ಯಾಸಿಗಳ ಹೆಸರು. ಗಾಯಾಗಿಂತ ಎಷ್ಟೋ ಮೊದಲೇ, ಬಿಟ್ಟಿ ಸಿಗೋ ಆಕಾಶದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡ್ತಾ ಕೂತು ಹುಡುಕಿದ್ದು. 2021ರಲ್ಲಿ ಹುವಾನ್ ಕಸಾಡೊ ಗಾಯಾ ಡೇಟಾವನ್ನು ಕೈಯಾರೆ ಜಾಲಾಡಿ ಇಪ್ಪತ್ತು ಹೊಸ ಗುಚ್ಛಗಳನ್ನು ವರದಿ ಮಾಡಿದರು. ಅಷ್ಟೊತ್ತಿಗೆ ಸೂಪರ್‌ಕಂಪ್ಯೂಟರಿನಲ್ಲಿ ಜಾಲಾಡಿ ಆಗಿತ್ತು. ಅದು ದಾಟಿಕೊಂಡು ಹೋಗಿದ್ದು ಮನುಷ್ಯನ ಕಣ್ಣಿಗೆ ಬಿತ್ತು.

ನಮ್ಮ ದೇಶದಲ್ಲೂ ಕೆಲಸ ನಡೀತಿದೆ. ಯಾವ ನಕ್ಷತ್ರ ಗುಚ್ಛದ್ದು, ಯಾವುದು ಸುಮ್ಮನೆ ಆ ದಾರಿಯಲ್ಲಿ ಹೋಗೋದು ಅಂತ ಬೇರ್ಪಡಿಸೋಕೆ ಬಿಟ್ಸ್ ಪಿಲಾನಿಯ ತಂಡ 2021ರಲ್ಲಿ ಒಂದು ವಿಧಾನ ಪ್ರಕಟಿಸಿತು. ಅದರೊಳಗಿರೋದು ಕೆ-ಎನ್‌ಎನ್ ಮತ್ತು ಗಾಸಿಯನ್ ಮಿಕ್ಸ್‌ಚರ್, ನಿಮ್ಮ ಇಂಟರ್‌ವ್ಯೂನಲ್ಲಿ ಕೇಳ್ತಾರಲ್ಲ ಅವೇ. ಇನ್ನು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ನಿಮ್ಮಲ್ಲಿ ಎಷ್ಟೋ ಜನ ದಿನಾ ಅದರ ಕಾಂಪೌಂಡ್ ಪಕ್ಕದಲ್ಲೇ ಟ್ರಾಫಿಕ್ಕಲ್ಲಿ ನಿಂತಿರ್ತೀರಿ. ಅಲ್ಲಿನ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಜೊತೆಗಾರರು ಎನ್‌ಜಿಸಿ 188 ಅನ್ನೋ ಬಹಳ ಹಳೇ ಗುಚ್ಛದಲ್ಲಿ ಒಂದು ವಿಚಿತ್ರ ನಕ್ಷತ್ರ ನೋಡಿದರು. ಬ್ಯಾಚಿನವರೆಲ್ಲ ಮುದುಕರಾಗಿದ್ದಾರೆ, ಇವನೊಬ್ಬ ಹದಿನೆಂಟರ ಹುಡುಗನ ಹಾಗೆ ನೀಲಿಯಾಗಿ ಹೊಳೀತಿದ್ದಾನೆ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ನೋಡಿದಾಗ 2016ರಲ್ಲಿ ಗುಟ್ಟು ರಟ್ಟಾಯ್ತು: ಪಕ್ಕದಲ್ಲೊಬ್ಬ ಬಿಸಿ ಜೊತೆಗಾರ ಇದ್ದಾನೆ. ಆ ಜೊತೆಗಾರನ ದ್ರವ್ಯ ಎಳೆದುಕೊಂಡೇ ಇವನು ಮರಿಯೌವನ ಪಡೆದದ್ದು. ಇಂಥ ಕಥೆ ಹೇಳೋಕೆ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು: ಈ ನಕ್ಷತ್ರ ನಿಜಕ್ಕೂ ಆ ಬ್ಯಾಚಿನದ್ದೇ ಹೌದಾ? ಅಲ್ಲದಿದ್ದರೆ ವಿಚಿತ್ರವೂ ಇಲ್ಲ, ಕಥೆಯೂ ಇಲ್ಲ.

ಗಾಯಾದ ಡೇಟಾ ಎಲ್ಲರಿಗೂ ಬಿಟ್ಟಿ. ಉಪಗ್ರಹ ಕಟ್ಟಿದ ವಿಜ್ಞಾನಿಗಳಿಗೂ "ನಮಗೆ ಮೊದಲು" ಅನ್ನೋ ಅವಧಿ ಇಲ್ಲ. ಅವರಿಗೂ ನಿಮಗೂ ಒಂದೇ ದಿನ ಸಿಗುತ್ತೆ. ಕೇಳೋ ಭಾಷೆ ಎಡಿಕ್ಯೂಎಲ್, ಎಸ್‌ಕ್ಯೂಎಲ್ ಬರೋರಿಗೆ ಅರ್ಧ ಗಂಟೆಯ ಕಲಿಕೆ. ನಾಲ್ಕನೇ ಕಂತು 2026ರ ಡಿಸೆಂಬರ್‌ಗೆ ಅಂತ ಸಂಸ್ಥೆ ಹೇಳಿದೆ. ಅದು ಬಂದ ವಾರವೇ ಯಾರೋ ಹ್ಯಾಕಥಾನ್ ಇಡ್ತಾರೆ, ಪಿಜ್ಜಾ ತರಿಸ್ತಾರೆ, ಬೆಳಗಾಗೋದರೊಳಗೆ ಎರಡು ಸಾವಿರ "ಹೊಸ ಗುಚ್ಛ" ಲಿಂಕ್ಡ್‌ಇನ್‌ನಲ್ಲಿ ಬರುತ್ತೆ. 2023ರಲ್ಲೇ ಎಲ್ಲರ ಪಟ್ಟಿಗಳನ್ನೂ ಒಟ್ಟಿಗೆ ಸುರಿದಾಗ ಹದಿನಾಲ್ಕು ಸಾವಿರದ ಹತ್ತಿರ ಇತ್ತು. ಒಂದೇ ಗುಚ್ಛಕ್ಕೆ ಮೂರು ತಂಡ ಮೂರು ಹೆಸರಿಟ್ಟಿದ್ದೂ ಇದೆ. ಇದನ್ನೆಲ್ಲ ಒಂದು ಕಡೆ ಸೇರಿಸಿ, ಯಾವುದು ಯಾವುದರ ನಕಲು ಅಂತ ಗುರುತು ಹಾಕೋ ಕೆಲಸವನ್ನು ಅರ್ಜೆಂಟೀನಾದ ಗೇಬ್ರಿಯಲ್ ಪೆರೆನ್ ಮತ್ತು ಜೊತೆಗಾರರು ಹಿಡಿದು ಕೂತಿದ್ದಾರೆ.

ಡೂಪ್ಲಿಕೇಟ್ ರೆಕಾರ್ಡ್ ತೆಗೆಯೋದು, ಹಳೇ ಟೇಬಲ್ ಹೊಸದಕ್ಕೆ ತಾಳೆ ಹಾಕೋದು, ಹೊಂದದ ಸಾಲನ್ನು ಕೆಂಪು ಮಾಡೋದು. ನಮ್ಮಲ್ಲಿ ಇದನ್ನು ಹೊಸದಾಗಿ ಸೇರಿದ ಫ್ರೆಶರ್‌ಗೆ ಕೊಡ್ತಾರೆ, ಅಪ್ರೈಸಲ್ಲಿನಲ್ಲಿ ಲೆಕ್ಕಕ್ಕೆ ಹಿಡಿಯಲ್ಲ. ಆ ಎರಡು ಸಾವಿರ ಹಾಕಿದ ಪುಣ್ಯಾತ್ಮ ಸಿಕ್ಕರೆ ನಾನು ಕೇಳೋದು ಒಂದೇ: ಬಣ್ಣದ ಗ್ರಾಫ್ ಎಲ್ಲಿ, ಮತ್ತೆ ಸುಳ್ಳು ಆಕಾಶದ ಮೇಲೆ ಓಡಿಸಿದಾಗ ನಿನ್ನ ಕೋಡು ಎಷ್ಟು ಗುಚ್ಛ ಹುಡುಕಿತು?